ಮಧ್ಯಾಹ್ನದ ಮಾತ್ರೆ

ಅಂಕೋಲಾ ಕಡೆಯ ಟೀಚರ್ ಒಬ್ಬರ ಪತ್ರ ಓದಿ ಎರಡು ದಿನ ಸಿಟ್ಟಲ್ಲಿದ್ದೆ. ಅವರ ಮೇಲಲ್ಲ.

ವಯಸ್ಸು 42. ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಎರಡು ವರ್ಷದ ಹಿಂದೆ ಬಲಭುಜ ಬಿಗಿಯಿತು, ಆಮೇಲೆ ಕೈ ನಡುಗಿತು. ಮಣಿಪಾಲದ ಆಸ್ಪತ್ರೆಗೆ ಹೋದರೆ ಪಾರ್ಕಿನ್ಸನ್ ಅಂದರು, ಕೈ ನಡುಗಿಸಿ ಮೈ ಬಿಗಿಸುವ ಮಿದುಳಿನ ಕಾಯಿಲೆ. ವಿಷಯ ಗೊತ್ತಿರುವುದು ಗಂಡನಿಗೆ ಮತ್ತು ಗಂಡನ ಅಕ್ಕನಿಗೆ, ಅಂದರೆ ನಾದಿನಿಗೆ, ಮಾತ್ರ. ‘ಹೊರಗೆ ಬಾಯಿ ಬಿಡಬೇಡ, ಮಗಳಿಗೆ ಸಂಬಂಧ ಬರೋದಿಲ್ಲ’ ಎಂದು ನಾದಿನಿಯ ಅಪ್ಪಣೆ. ಮಗಳು ಎಂಟನೇ ಕ್ಲಾಸು! ಈಗ ಬೋರ್ಡಿನ ಮೇಲಿನ ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣದಾಗುತ್ತಿದೆಯಂತೆ. ಕೆಲಸ ಬಿಡಲಾ ಎಂದು ಕೇಳಿದ್ದಾರೆ.

ಮೇಡಂ, ಕೊನೆಯಲ್ಲಿ ಹವಾಮಾನ ಹೇಳಿದಷ್ಟು ಸಲೀಸಾಗಿ ಒಂದು ಮಾತು ಬರೆದಿದ್ದೀರಿ. ಊಟ ಮುಗಿದು ಸ್ಟಾಫ್ ರೂಮ್ ಖಾಲಿಯಾದ ಮೇಲೆ ಮಾತ್ರೆ ನುಂಗುತ್ತೀರಿ, ಯಾರಾದರೂ ಕೂತಿದ್ದರೆ ಅವತ್ತು ಬಿಟ್ಟೇ ಬಿಡುತ್ತೀರಿ. ನಿಮ್ಮ ಮಾತ್ರೆ ಲೆವೊಡೋಪಾ. ಅದರ ಕೆಲಸ ಕೆಲವೇ ಗಂಟೆ. ಬಂಗುಡೆ, ಬೇಳೆ, ಮೊಟ್ಟೆಯಂಥ ಪ್ರೋಟೀನ್ ಉಂಡ ಹೊಟ್ಟೆಗೆ ಬಿದ್ದರೆ ಅದು ಮೈಗೆ ಸರಿಯಾಗಿ ಏರುವುದೂ ಇಲ್ಲ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಧ್ಯಾಹ್ನದ ಪಿರಿಯಡ್‌ನಲ್ಲೇ ಅಕ್ಷರ ಜಾಸ್ತಿ ಕುಗ್ಗುತ್ತದೆ ಎಂದು ನೀವೇ ಬರೆದಿದ್ದೀರಿ. ಕಾಯಿಲೆ ಇದೆ, ನಿಜ. ಆದರೆ ಆ ಹೊತ್ತಿನ ತೊಂದರೆಯಲ್ಲಿ ಮುಚ್ಚಿಡುವುದರ ಪಾಲೂ ಇದೆ ಅಲ್ವಾ?

ಕೆಲಸ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಹಿಡಿದೇ ಇದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂತೆಂದು ಸರಕಾರ ನೌಕರರನ್ನು ತೆಗೆಯುವ ಹಾಗಿಲ್ಲ, ಕೆಳಗಿನ ಹುದ್ದೆಗೆ ಇಳಿಸುವ ಹಾಗೂ ಇಲ್ಲ. ಯುಡಿಐಡಿ ಕಾರ್ಡಿಗೆ, ಅಂದರೆ ಸರಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಕಾರವಾರಕ್ಕೆ ಓಡಾಡುವ ಕೆಲಸ ನಿಮ್ಮ ಯಜಮಾನರು ಮಾಡಲಿ. ಅಕ್ಕನ ಮಾತಿಗೆ ಎರಡು ವರ್ಷ ತಲೆಯಾಡಿಸಿದ್ದಾರೆ, ಒಂದು ದಿನ ಬಸ್ಸು ಹತ್ತಲಿ.

ನಾದಿನಿಯ ಬಗ್ಗೆ ನನಗೆ ಕನಿಕರ ಇಲ್ಲ. ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬೇಕು, ಆದರೂ ಹೇಳುತ್ತೇನೆ: ಮನೆಯ ಮಾನ ಕಾಯುವ ಪಾಳಿ ಯಾವಾಗಲೂ ಸೊಸೆಗೇ ಯಾಕೆ ಬೀಳುತ್ತದೆ? ಮಕ್ಕಳಿಗೆ ಬರುತ್ತದಾ ಎಂಬ ಪ್ರಶ್ನೆ ನ್ಯೂರಾಲಜಿಸ್ಟಿಗೆ ಹಾಕಿ. ಹೆಚ್ಚಿನವರಲ್ಲಿ ಹಾಗೆ ನೇರವಾಗಿ ಇಳಿದು ಬರುವುದಿಲ್ಲ. ನಾದಿನಿ ಕೊಟ್ಟ ನಸಗುನ್ನಿ ಬೀಜದ ಪುಡಿಯ ಡಬ್ಬಿ ತೆರೆದಿಲ್ಲ ಎಂದಿದ್ದೀರಿ. ಡಾಕ್ಟರನ್ನು ಕೇಳದೆ ತೆರೆಯಬೇಡಿ. ಆ ಬೀಜದಲ್ಲೂ ಇರುವುದು ಅದೇ ಲೆವೊಡೋಪಾ, ಮಾತ್ರೆಯ ಜೊತೆ ಸೇರಿದರೆ ಲೆಕ್ಕ ತಪ್ಪುತ್ತದೆ.

ಬೆಂಬಲಕ್ಕೆ ಯಾರನ್ನು ಹುಡುಕಲಿ ಅಂದಿರಿ. ಊರಿಗೆಲ್ಲ ಸಾರಬೇಕಿಲ್ಲ. ನಾಳೆ ಒಂದೇ ಒಂದು ಕೆಲಸ ಮಾಡಿ. ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ, ತರಗತಿಯಲ್ಲೇ ಇದ್ದರೂ, ಚೀಲದಿಂದ ಬಾಟಲಿ ತೆಗೆದು ಮಕ್ಕಳ ಎದುರೇ ಮಾತ್ರೆ ನುಂಗಿ. ಯಾಕೆ ಟೀಚರ್ ಅಂತ ಯಾರಾದರೂ ಕೇಳಿದರೆ, ‘ಅಕ್ಷರ ದೊಡ್ಡದಾಗಲಿ ಅಂತ’ ಅನ್ನಿ.