ಓದುಗರ ಗ್ಯಾರೇಜ್: ಹಳೆಯ ಜಪಾನಿ ಬೈಕು, ಹಠಮಾರಿ ಕಾರ್ಬುರೇಟರ್

ಈ ಸಲ ಬಂದ ಪತ್ರಗಳಲ್ಲಿ ಕಾರ್ಬುರೇಟರಿನ ಗೋಳೇ ಹೆಚ್ಚು. ಹಾಗಾಗಿ ಬ್ರೇಕು, ವೈರಿಂಗಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇವೆ.

ಪ್ರಶ್ನೆ: ಗುಜರಿಯಲ್ಲಿ ಒಂದು ಜೊತೆ ಮಿಕುನಿ ಕಾರ್ಬುರೇಟರ್ ಸಿಕ್ಕಿವೆ. ಮಾರಿದವರು ‘ರಾಜದೂತ್ 350ರದು’ ಅಂದರು. ಗಂಟಲು ಅಳೆದರೆ 28 ಮಿ.ಮೀ. ಬರುತ್ತದೆ. ನಂಬಬಹುದೇ? (ದಾವಣಗೆರೆ)

ಉತ್ತರ: 28 ಬಂದ ಮಾತ್ರಕ್ಕೆ ನಂಬಬೇಡಿ. ಮಿಕುನಿ ಎಂಬ ಜಪಾನಿ ಕಂಪನಿಯ ಕಾರ್ಬುರೇಟರುಗಳಲ್ಲಿ ವಿಎಂ ಎಂದರೆ ದುಂಡು ಸ್ಲೈಡಿನ (ಆಕ್ಸಿಲರೇಟರ್ ತಿರುಚಿದಾಗ ಗಂಟಲಿನಲ್ಲಿ ಮೇಲೇಳುವ ತುಂಡು) ಮಾದರಿ, ಅದರ ಮುಂದಿನ ಅಂಕಿ ಗಾಳಿ ಹೋಗುವ ಗಂಟಲಿನ ವ್ಯಾಸ. ಯಮಹಾ ಆರ್‌ಡಿ 350ಕ್ಕೆ (ರಾಜದೂತ್ 350 ಇದರದೇ ಭಾರತೀಯ ರೂಪ) ಎರಡು, ಕವಾಸಾಕಿ ಎಚ್‌1 500ಕ್ಕೆ ಮೂರು, ಕವಾಸಾಕಿ ಜಡ್‌1 900ಕ್ಕೆ ನಾಲ್ಕು ಕಾರ್ಬುರೇಟರ್. ಎಲ್ಲವೂ 28 ಮಿ.ಮೀ. ವಿಎಂಗಳೇ. ಮೊದಲೆರಡು ಟೂ-ಸ್ಟ್ರೋಕ್, ಮೂರನೆಯದು ಫೋರ್-ಸ್ಟ್ರೋಕ್. ಹೊರಗಿನ ಅಳತೆ ಒಂದೇ ಆದರೂ ಒಳಗಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು), ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಮೊನಚು ಕಡ್ಡಿ), ಸ್ಲೈಡಿನ ತಳದ ಕಟ್ ಬೇರೆ ಬೇರೆ. ಪಕ್ಕದಲ್ಲಿ ಒಂದೇ ಪಟ್ಟಿಗೆ ನಾಲ್ಕನ್ನೂ ಜೋಡಿಸುವ ಕಿವಿಗಳಿದ್ದರೆ ಅದು ನಾಲ್ಕು ಸಿಲಿಂಡರಿನ ಬೈಕಿನಿಂದ ಬಿಚ್ಚಿದ್ದೆಂದು ಅನುಮಾನಿಸಿ.

ಆಮೇಲೆ ಬಿಚ್ಚಿ ಓದಿ. ನೀಡಲ್‌ನ ಮೇಲ್ತುದಿಯಲ್ಲಿ ಸಣ್ಣ ಅಕ್ಷರಗಳಿರುತ್ತವೆ. ‘5ಡಿಪಿ7’ ಎಂದಿದೆ ಅಂದುಕೊಳ್ಳಿ. 5 ಎಂದರೆ ನೀಡಲ್‌ನ ಉದ್ದ 50ರಿಂದ 60 ಮಿ.ಮೀ. ಒಳಗಿನದು. ಅಕ್ಷರಗಳು ಮೊನಚಿನ ಕೋನ: ‘ಎ’ಗೆ 15 ನಿಮಿಷ, ಮುಂದಿನ ಪ್ರತಿ ಅಕ್ಷರಕ್ಕೂ ಇನ್ನೊಂದು 15 ನಿಮಿಷ (ಕೋನದ 60 ನಿಮಿಷಕ್ಕೆ 1 ಡಿಗ್ರಿ). ಆ ಲೆಕ್ಕದಲ್ಲಿ ‘ಡಿ’ ಅಂದರೆ 1 ಡಿಗ್ರಿ, ‘ಪಿ’ ಅಂದರೆ 4 ಡಿಗ್ರಿ. ಎರಡು ಅಕ್ಷರವಿದ್ದರೆ ನೀಡಲ್‌ಗೆ ಎರಡು ಹಂತದ ಮೊನಚು. ಕೊನೆಯ ಅಂಕಿ ಕಂಪನಿಯ ಗುರುತು. ಕ್ಲಿಪ್ ನೀಡಲ್ ತಲೆಯ ಎಷ್ಟನೇ ತೋಡಿನಲ್ಲಿದೆ ಎಂಬುದನ್ನು ಯಾವಾಗಲೂ ಮೇಲಿನಿಂದ ಎಣಿಸಬೇಕು. ನೀಡಲ್ ಜೆಟ್ಟಿನ ಮೇಲೆ ‘ಪಿ-2’ ಎಂದಿದ್ದರೆ ತೂತು 2.660 ಮಿ.ಮೀ. ‘ಪಿ-0’ 2.650, ‘ಓ-0’ 2.600. ಅಕ್ಷರಕ್ಕೊಂದು 0.05, ಅಂಕಿಗೊಂದು 0.005. ಈ ಗುರುತುಗಳನ್ನು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ಗೆ ಹೋಲಿಸಿ. ಎಸ್ಕಾರ್ಟ್ಸ್ 1983ರಿಂದ ತಯಾರಿಸಿದ ರಾಜದೂತ್ 350ರಲ್ಲೂ ಎಚ್‌ಟಿ, ಎಲ್‌ಟಿ (ಹೈ ಟಾರ್ಕ್, ಲೋ ಟಾರ್ಕ್) ಎಂದು ಎರಡು ಬಗೆ ಇದ್ದವು. ಎರಡರ ಸೆಟ್ಟಿಂಗ್ ಒಂದೇ ಎಂದುಕೊಂಡು ಜೆಟ್ ಅದಲುಬದಲು ಮಾಡಬೇಡಿ.

ಎಡ-ಬಲದ ಸ್ಲೈಡ್‌ಗಳನ್ನು ಗುರುತು ಹಾಕಿಯೇ ಬಿಚ್ಚಿ. ಸ್ಲೈಡಿನ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗೆ ಇರಬೇಕು. ಜೊತೆ ಅದಲುಬದಲಾದರೆ ಅದು ಎಂಜಿನ್ ಕಡೆ ತಿರುಗುತ್ತದೆ, ಸ್ಟಾರ್ಟ್ ಮಾಡಿದ ತಕ್ಷಣ ಎಂಜಿನ್ ಕೈಗೆ ಸಿಗದಂತೆ ಕಿರುಚುತ್ತದೆ. ಮೊದಲ ಸ್ಟಾರ್ಟಿಗೆ ಕಿಲ್ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಒದೆಯಿರಿ.

ಪ್ರಶ್ನೆ: ಆರ್‌ಎಕ್ಸ್ 100 ಎರಡು ವರ್ಷ ನಿಂತಿತ್ತು. ಕಾರ್ಬುರೇಟರ್ ಎರಡು ಸಲ ಕ್ಲೀನ್ ಮಾಡಿಸಿದೆ. ಬಿಸಿಯಾದ ಮೇಲೆ ಚೆನ್ನಾಗಿ ಓಡುತ್ತದೆ, ಬೆಳಿಗ್ಗೆ ಮಾತ್ರ ತಳ್ಳಿಯೇ ಸ್ಟಾರ್ಟ್ ಮಾಡಬೇಕು. (ಶಿರಸಿ)

ಉತ್ತರ: ಕ್ಲೀನ್ ಮಾಡಿದವರು ಜೆಟ್‌ಗಳನ್ನು ಬಿಚ್ಚಿದ್ದಾರೆ, ಚೋಕಿನ ದಾರಿ ಬಿಟ್ಟಿದ್ದಾರೆ. ಮಿಕುನಿ ವಿಎಂನಲ್ಲಿ ಚೋಕ್ ಅಂದರೆ ಗಾಳಿ ಮುಚ್ಚುವ ತಗಡಲ್ಲ, ಹೆಚ್ಚುವರಿ ಪೆಟ್ರೋಲ್ ಕೊಡುವ ಬೇರೆಯೇ ಒಂದು ಪುಟ್ಟ ಕಾರ್ಬುರೇಟರ್. ಅದಕ್ಕೆ ಪೆಟ್ರೋಲ್ ಬರುವುದು ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಒಂದು ಮೂಲೆಯ ಕಿರುಬಾವಿಯಿಂದ. ಬಾಡಿಯಿಂದ ಇಳಿದ ತೆಳು ಹಿತ್ತಾಳೆ ನಳಿಕೆ ಅದರೊಳಗೆ ಮುಳುಗಿರುತ್ತದೆ. ಬಾವಿಗೂ ಬಟ್ಟಲಿಗೂ ನಡುವೆ ಗುಂಡುಸೂಜಿ ಮೊನೆಯಷ್ಟು ತೂತು, ಅದೂ ತಳದಲ್ಲಿ. ಕೆಸರು ಮೊದಲು ಕೂರುವುದೇ ಅಲ್ಲಿ. ಬಟ್ಟಲನ್ನು ಬೆಳಕಿಗೆ ಹಿಡಿದು ಆ ತೂತನ್ನು ಹುಡುಕಿ. ಸ್ಪ್ರೇ ಕ್ಲೀನರಿನ ನಳಿಕೆಯನ್ನು ಬಾವಿಯೊಳಗೆ ಒತ್ತಿ ಹೊಡೆದರೆ ಬಟ್ಟಲಿನ ಕಡೆ ಸಣ್ಣ ಚಿಲುಮೆ ಚಿಮ್ಮಬೇಕು. ಚಿಮ್ಮದಿದ್ದರೆ ವಿದ್ಯುತ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಸ್ಟೀಲ್ ತಂತಿ, ಸೂಜಿ, ಡ್ರಿಲ್ ಬಿಟ್ ಬೇಡವೇ ಬೇಡ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿಗೂ ಇದೇ ನಿಯಮ. ಹಿತ್ತಾಳೆ ಮೆತ್ತಗಿನ ಲೋಹ, ಸ್ಟೀಲ್ ಒಮ್ಮೆ ತಿಕ್ಕಿದರೆ ಮೇಲಿನ ನಂಬರಿಗೂ ಒಳಗಿನ ತೂತಿಗೂ ಸಂಬಂಧವಿರುವುದಿಲ್ಲ.

ಇನ್ನೊಂದು: ಈ ಬಗೆಯ ಚೋಕ್ ಕೆಲಸ ಮಾಡುವುದು ಆಕ್ಸಿಲರೇಟರ್ ಪೂರ್ತಿ ಮುಚ್ಚಿದ್ದಾಗ ಮಾತ್ರ. ಸ್ಲೈಡ್ ಎದ್ದರೆ ನಿರ್ವಾತ ಬಿದ್ದುಹೋಗುತ್ತದೆ, ಪೆಟ್ರೋಲ್ ಮೇಲೇರುವುದಿಲ್ಲ. ಕಿಕ್ ಹೊಡೆಯುವಾಗ ಕೈ ತಿರುಚುವ ಅಭ್ಯಾಸವಿದ್ದರೆ ಬಿಡಿ. ಚೋಕ್ ಪ್ಲಂಜರಿನ ತುದಿಯ ರಬ್ಬರ್ ಗಟ್ಟಿಯಾಗಿದ್ದರೆ ತೊಂದರೆ ತಿರುಗುಮುರುಗು: ಚೋಕ್ ಮುಚ್ಚಿದರೂ ಪೆಟ್ರೋಲ್ ಸೋರುತ್ತಲೇ ಇರುತ್ತದೆ, ಪ್ಲಗ್ ಕಪ್ಪಗಾಗುತ್ತದೆ.

ಪ್ರಶ್ನೆ: ಏರ್ ಸ್ಕ್ರೂ ಬಿಚ್ಚಿದರೆ ಪೆಟ್ರೋಲ್ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ? ಇಬ್ಬರು ಮೆಕ್ಯಾನಿಕ್‌ಗಳು ಎರಡು ಹೇಳುತ್ತಾರೆ. (ತುಮಕೂರು)

ಉತ್ತರ: ಇಬ್ಬರೂ ಸರಿಯಿರಬಹುದು. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ಅಳೆಯುತ್ತದೆ, ಬಿಚ್ಚಿದರೆ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲನ್ನು ಅಳೆಯುತ್ತದೆ, ಬಿಚ್ಚಿದರೆ ದಪ್ಪವಾಗುತ್ತದೆ. ಕೂರಿಸುವಾಗ ಬೆರಳಿನಲ್ಲಿ ತಾಗುವಷ್ಟು ಮಾತ್ರ ಬಿಗಿಸಿ. ಬಲ ಹಾಕಿದರೆ ಮೊನೆ ಮುರಿದು ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಫ್ಲೋಟ್ ನೀಡಲ್, ಗ್ಯಾಸ್ಕೆಟ್ ಎಲ್ಲ ಹೊಸ ಕಿಟ್ ಹಾಕಿಸಿದರೂ ಪೆಟ್ರೋಲ್ ಓವರ್‌ಫ್ಲೋ ನಿಲ್ಲುತ್ತಿಲ್ಲ. ಈಗ ಪಿಕಪ್ ಕೂಡ ಕೆಟ್ಟಿದೆ. (ಮಂಗಳೂರು)

ಉತ್ತರ: ಎರಡೂ ಬೇರೆ ಬೇರೆ ರೋಗ, ಎರಡನೆಯದು ಬಹುಶಃ ಕಿಟ್ಟಿನ ಕೊಡುಗೆ. ಅದನ್ನು ಆಮೇಲೆ ನೋಡೋಣ.

ಓವರ್‌ಫ್ಲೋಗೆ ನಾಲ್ಕು ಕಾರಣ. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಕೂರುವ ಸೀಟ್ ಸವೆದಿರಬಹುದು. ಬ್ರಾಸೋ ಹಚ್ಚಿದ ಹತ್ತಿಯ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ ಉಜ್ಜಿ, ಚೆನ್ನಾಗಿ ತೊಳೆದು ನೋಡಿ. ಸೀಟ್ ಬಿಚ್ಚಿ ಬರುವಂಥದ್ದಾದರೆ ಅದರ ಕೆಳಗಿನ ವಾಷರ್ ಅಥವಾ ಓ-ರಿಂಗ್ ಹಾಳಾಗಿರಬಹುದು. ಆಗ ನೀಡಲ್ ಎಷ್ಟು ಹೊಸದಾದರೂ ಪೆಟ್ರೋಲ್ ಪಕ್ಕದಿಂದ ನುಸುಳುತ್ತದೆ. ಮೂರನೆಯದು ಆ ನೀಡಲನ್ನು ಎತ್ತುವ, ಪೆಟ್ರೋಲಿನಲ್ಲಿ ತೇಲುವ ಫ್ಲೋಟ್. ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ಬಿಸಿನೀರಿನಲ್ಲಿ ಮುಳುಗಿಸಿ. ತೂತಿದ್ದರೆ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಆರಿದ ಮೇಲಷ್ಟೇ, ಕರೆಂಟಿನ ಸಾಲ್ಡರಿಂಗ್ ಐರನ್‌ನಿಂದ ಮುಚ್ಚಿ. ಬೆಂಕಿಯ ಹತ್ತಿರ ಒಯ್ಯಬೇಡಿ. ಸೀಸ ತೆಳುವಾಗಿರಲಿ, ಭಾರ ಹೆಚ್ಚಿದರೆ ಫ್ಲೋಟ್ ಕೆಳಗೇ ತೇಲಿ ಮತ್ತೆ ಓವರ್‌ಫ್ಲೋ.

ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ: ಬಟ್ಟಲಿನ ನಡುವೆ ನೆಟ್ಟಗೆ ನಿಂತ ಓವರ್‌ಫ್ಲೋ ಕೊಳವೆ. ಎಷ್ಟೋ ಹಳೆಯ ಜಪಾನಿ ಕಾರ್ಬುರೇಟರುಗಳಲ್ಲಿ ಅದು ಉದ್ದಕ್ಕೆ ಕೂದಲೆಳೆಯಷ್ಟು ಸೀಳಿರುತ್ತದೆ. ಫ್ಲೋಟ್ ಮಟ್ಟ ಸರಿಯಿದ್ದರೂ ಆ ಸೀಳಿನಿಂದ ಪೆಟ್ರೋಲ್ ಜಿನುಗುತ್ತದೆ. ಬಟ್ಟಲನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕೊಳವೆಯ ತುದಿ ಮುಳುಗದಷ್ಟು ಪೆಟ್ರೋಲ್ ತುಂಬಿಸಿ. ಹತ್ತು ನಿಮಿಷದಲ್ಲಿ ಕೆಳಗಿನ ನಳಿಕೆಯಲ್ಲಿ ಹನಿ ಕಂಡರೆ ಅಪರಾಧಿ ಸಿಕ್ಕಂತೆ. ತೆಳ್ಳಗೆ ಸಾಲ್ಡರ್ ಮಾಡಿದರೆ ಮುಗಿಯಿತು.

ಇನ್ನು ಪಿಕಪ್. ಅಗ್ಗದ ಕಿಟ್‌ಗಳಲ್ಲಿ ಬರುವ ಜೆಟ್, ನೀಡಲ್‌ಗಳ ಅಳತೆ ನಂಬುವಂಥದ್ದಲ್ಲ. ಮಿಕುನಿಯ ಅಸಲಿ ಜೆಟ್ ಮೇಲೆ ಚೌಕದೊಳಗೊಂದು ಚೌಕದ ಮುದ್ರೆ ಇರುತ್ತದೆ. ಅದಿಲ್ಲದ ಜೆಟ್‌ನ ನಂಬರಿಗೆ ಬೆಲೆಯಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಕಿಟ್‌ನಿಂದ ರಬ್ಬರ್ ಮತ್ತು ಗ್ಯಾಸ್ಕೆಟ್ ಮಾತ್ರ ತೆಗೆದುಕೊಳ್ಳಿ, ಹಿತ್ತಾಳೆಯನ್ನು ಪೊಟ್ಟಣದಲ್ಲೇ ಬಿಡಿ. ನಲವತ್ತು ವರ್ಷದ ನಿಮ್ಮ ಹಳೆಯ ಜೆಟ್ ಅದಕ್ಕಿಂತ ಮೇಲು. ಇದಕ್ಕೆ ಹೊರತಾದ ಜೋಡಿ ಒಂದೇ, ಸ್ಲೈಡಿನ ನೀಡಲ್ ಮತ್ತು ಅದು ಓಡಾಡುವ ನೀಡಲ್ ಜೆಟ್. ಇವು ಒಂದನ್ನೊಂದು ಉಜ್ಜಿ ಸವೆಯುತ್ತವೆ, ತೂತು ಮೊಟ್ಟೆಯಾಕಾರವಾಗುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಕಾಲು ಭಾಗದಿಂದ ಅರ್ಧದವರೆಗಿನ ಆಕ್ಸಿಲರೇಟರಿನಲ್ಲಿ ಮಿಸ್ಸಿಂಗ್, ಮೈಲೇಜ್ ಕಡಿಮೆ, ಪ್ಲಗ್ ಕಪ್ಪು ಎಂದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಅಸಲಿಯೇ ಸಿಕ್ಕರೆ ಮಾತ್ರ. ಹೊರಗೆ ಎಸೆದಿಲ್ಲ ತಾನೇ ಹಳೆಯ ಜೆಟ್‌ಗಳನ್ನು? ಗ್ಯಾರೇಜಿನವರಲ್ಲಿ ಕೇಳಿ ನೋಡಿ.

ಪ್ರಶ್ನೆ: ಬಟ್ಟಲಿನ ಸ್ಕ್ರೂ ತಲೆ ಸವೆದುಹೋಗಿದೆ. ಸ್ಟಾರ್ ಸ್ಕ್ರೂಡ್ರೈವರ್ ಜಾರುತ್ತದೆ. (ಗದಗ)

ಉತ್ತರ: ಜಪಾನಿ ಬೈಕಿನ ಆ ಸ್ಕ್ರೂಗಳು ಫಿಲಿಪ್ಸ್ (ನೀವು ಹೇಳುವ ಸ್ಟಾರ್) ಅಲ್ಲ, ಜೆಐಎಸ್ ಎಂಬ ಜಪಾನಿ ಅಳತೆಯವು. ನೋಡಲು ಒಂದೇ ಥರ. ಫಿಲಿಪ್ಸ್ ತುದಿ ಅವುಗಳ ತಳ ಮುಟ್ಟುವುದಿಲ್ಲ, ತಿರುಗಿಸಿದರೆ ಮೇಲಕ್ಕೆ ಜಾರಿ ತಲೆಯನ್ನು ಕೆತ್ತುತ್ತದೆ. ಜೆಐಎಸ್ 2ನೇ ನಂಬರಿನ ಸ್ಕ್ರೂಡ್ರೈವರ್ ತರಿಸಿಕೊಳ್ಳಿ. ಈಗ ಸವೆದದ್ದಕ್ಕೆ: ತುಕ್ಕಿನ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ, ಕಾರ್ಬುರೇಟರಿನಲ್ಲಿ ಹನಿ ಪೆಟ್ರೋಲೂ ಇಲ್ಲವೆಂದು ಖಚಿತವಾದ ಮೇಲೆ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಲಾಕಿಂಗ್ ಪ್ಲೈಯರಿನಲ್ಲಿ ತಲೆ ಕಚ್ಚಿಸಿ ತಿರುಗಿಸಿ. ಸುತ್ತಿಗೆ ಏಟು ಹಾಕುವ ಇಂಪ್ಯಾಕ್ಟ್ ಡ್ರೈವರ್ ಎಂಜಿನ್ ಕವರಿಗೆ ಸರಿ, ಕಾರ್ಬುರೇಟರಿನ ಎರಕ ತಡೆಯದೆ ಬಿರಿಯುತ್ತದೆ.

ಪ್ರಶ್ನೆ: ಇಲ್ಲಿ 1974ರ ಹೋಂಡಾ ಸಿಬಿ 750 ತೆಗೆದುಕೊಂಡಿದ್ದೇನೆ. ನಾಲ್ಕು ಕೈಹಿನ್ ಕಾರ್ಬುರೇಟರ್‌ಗಳೂ ಒಣಗಿ ಅಂಟಿವೆ. ಎಲ್ಲಿಂದ ಶುರು ಮಾಡಲಿ? (ನ್ಯೂಜೆರ್ಸಿ)

ಉತ್ತರ: ಬಾಡಿಯ ಚಾಚಿನ ಮೇಲೆ ಒತ್ತಿದ ಅಂಕಿ-ಅಕ್ಷರದ ಗುರುತನ್ನು ಬರೆದುಕೊಳ್ಳುವುದರಿಂದ. ಈ ಬೈಕು 1969ರಲ್ಲಿ ಬಂದಾಗಿನಿಂದ ಕಾರ್ಬುರೇಟರ್ ಹಲವು ಸಲ ಬದಲಾಗಿದೆ. ವರ್ಷ ನೋಡಿ ಭಾಗ ತರಿಸಿದರೆ ತಪ್ಪಬಹುದು, ಏಕೆಂದರೆ ಐವತ್ತು ವರ್ಷದಲ್ಲಿ ಯಾರೋ ಬೇರೆ ಸೆಟ್ ಕೂರಿಸಿರುತ್ತಾರೆ. 1977-78ರ ಪಿಡಿ ಮಾದರಿಯಾದರೆ ಐಡ್ಲಿಂಗ್ ಜೆಟ್‌ಗಳು ಒತ್ತಿ ಕೂರಿಸಿದಂಥವು. ಸ್ಕ್ರೂ ಎಂದುಕೊಂಡು ತಿರುಚಿದರೆ ಕೆಡುತ್ತವೆ.

ನಾಲ್ಕನ್ನೂ ಪಟ್ಟಿಯಿಂದ ಬೇರ್ಪಡಿಸದೆ ಎಷ್ಟು ಕೆಲಸ ಆಗುತ್ತದೋ ಅಷ್ಟು ಮಾಡಿ. ಒಂದೊಂದರ ಭಾಗಕ್ಕೆ ಒಂದೊಂದು ಡಬ್ಬಿ, ಬೆರೆಸಬೇಡಿ. ರಬ್ಬರ್, ಫ್ಲೋಟ್ ತೆಗೆದು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ 50-60 ಡಿಗ್ರಿ ನೀರು, ಸ್ವಲ್ಪ ಮೆದು ಸೋಪಿನ ದ್ರಾವಣ, 10-15 ನಿಮಿಷದ ಎರಡು ಸುತ್ತು. ಕಾಸ್ಟಿಕ್ ಸೋಡಾ ಖಂಡಿತ ಬೇಡ, ಸತು ಮತ್ತು ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ನಿಂಬೆಹುಳಿ, ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕುವ ಸಲಹೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಹಾಗೆ ಮಾಡಿದ ಬಾಡಿ ಕಪ್ಪಾಗಿ, ಪುಡಿಪುಡಿಯಾಗಿ ಬರುತ್ತದೆ. ಮರಳು ಊದಿ ಹೊಳಪು ಕೊಡಿಸುವುದೂ ಬೇಡ. ಒಂದು ಕಣ ಒಳದಾರಿಯಲ್ಲಿ ಉಳಿದರೆ ಸಾಕು. ತೊಳೆದ ಮೇಲೆ ಪ್ರತಿ ದಾರಿಗೂ ಗಾಳಿ ಊದಿ, ಇನ್ನೊಂದು ಬದಿಯಲ್ಲಿ ಬೆರಳಿಟ್ಟು ಗಾಳಿ ಬರುವುದನ್ನು ಖಚಿತಪಡಿಸಿಕೊಳ್ಳಿ.

ನಿಮ್ಮ ವರ್ಷದ ಮಾದರಿಗೆ ಫ್ಲೋಟ್ ಎತ್ತರ 26 ಮಿ.ಮೀ. ಕಾರ್ಬುರೇಟರನ್ನು ಓರೆ ಮಾಡಿ, ಫ್ಲೋಟಿನ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ನನ್ನು ಆಗಷ್ಟೇ ಮುಟ್ಟುವಾಗ ಅಳೆಯಬೇಕು. ಪಿನ್ ಒಳಗೆ ಒತ್ತಿದರೆ ಅಳತೆ ಸುಳ್ಳು. ಜೋಡಿಸಿದ ಮೇಲೆ ಒಂದೇ ಗಾತ್ರದ, 3 ಮಿ.ಮೀ.ನ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ನಾಲ್ಕೂ ಸ್ಲೈಡಿನ ಕೆಳಗೆ ತೂರಿಸಿ, ಒಂದೇ ಬಿಗಿಗೆ ತಾಗುವಂತೆ ಹೊಂದಿಸಿ. ಆಮೇಲೆ ಬೈಕಿನಲ್ಲಿ, ಎಂಜಿನ್ ಬಿಸಿಯಿರುವಾಗ ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕರ ನಡುವಿನ ವ್ಯತ್ಯಾಸವನ್ನು 2 ಸೆಂ.ಮೀ. ಪಾದರಸದೊಳಗೆ ತನ್ನಿ. ವಾಲ್ವ್ ಗ್ಯಾಪ್, ಇಗ್ನಿಷನ್ ಪಾಯಿಂಟ್ ಮೊದಲು ಸರಿಮಾಡದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಅಂದಹಾಗೆ ಮಿಕುನಿ ಜೆಟ್ ತರಿಸಬೇಡಿ. ಮಿಕುನಿಯ ಷಟ್ಕೋನ ಮೇನ್ ಜೆಟ್ಟಿನ ನಂಬರ್ ಪೆಟ್ರೋಲ್ ಹರಿವಿನ ಲೆಕ್ಕ, ಕೈಹಿನ್‌ನದು ತೂತಿನ ವ್ಯಾಸದ ಲೆಕ್ಕ. ಎರಡೂ 110 ಎಂದಿದ್ದರೂ ಒಂದೇ ಅಲ್ಲ.

ಪ್ರಶ್ನೆ: ಈಗಿನ ಇ20 ಪೆಟ್ರೋಲಿಗೆ ನನ್ನ ಹಳೆಯ ಟೂ-ಸ್ಟ್ರೋಕ್ ಬೈಕಿನ ಕಾರ್ಬುರೇಟರಿನಲ್ಲಿ ಏನಾದರೂ ಬದಲಿಸಬೇಕೇ? (ಮೈಸೂರು)

ಉತ್ತರ: ಬದಲಿಸಬೇಕು. ಎಥನಾಲ್ ಇಲ್ಲದ ಪೆಟ್ರೋಲ್ 1 ಭಾಗ ಸರಿಯಾಗಿ ಉರಿಯಲು 14.7 ಭಾಗ ಗಾಳಿ ಬೇಕು, ಶೇ. 20 ಎಥನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಮೊದಲಿಗಿಂತ ತೆಳು. ಫೋರ್-ಸ್ಟ್ರೋಕ್ ಹೇಗೋ ಸಹಿಸಿಕೊಳ್ಳುತ್ತದೆ, ಟೂ-ಸ್ಟ್ರೋಕ್ ಹೆದ್ದಾರಿಯಲ್ಲಿ ಪಿಸ್ಟನ್ ಜಾಮ್ ಮಾಡಿಕೊಳ್ಳುತ್ತದೆ. ಮೇನ್ ಜೆಟ್ ಒಂದು ಸೈಜ್ ಮೇಲಿನದು ಹಾಕಿ, ನೀಡಲ್ ಕ್ಲಿಪ್ ಒಂದು ತೋಡು ಕೆಳಗಿಳಿಸಿ. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಹೊಸ ಪ್ಲಗ್ ಹಾಕಿ ಖಾಲಿ ರಸ್ತೆಯಲ್ಲಿ ಫುಲ್ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಹಾಗೆಯೇ ಎಂಜಿನ್ ಆಫ್ ಮಾಡಿ ಪ್ಲಗ್ ನೋಡಿ. ಕಾಫಿ ಕಂದು ಸರಿ, ಬಿಳಿಚಿದ್ದರೆ ಇನ್ನೊಂದು ಸೈಜ್ ಮೇಲೆ. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರ್ ಬಿರಿದಿದ್ದರೂ ಬಿಳಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಅದರ ಮೇಲೆ ಸೋಪುನೀರು ಚಿಮುಕಿಸಿ, ಎಂಜಿನ್ ಸದ್ದು ಬದಲಾದರೆ ಜೆಟ್ ಮುಟ್ಟುವ ಮೊದಲು ರಬ್ಬರ್ ಬದಲಿಸಿ.

ಹಳೆಯ ಓ-ರಿಂಗ್, ಪೈಪ್‌ಗಳು ಎಥನಾಲ್‌ಗೆ ಊದಿಕೊಳ್ಳುತ್ತವೆ. ವೈಟಾನ್ ಎಂಬ ರಬ್ಬರಿನ ಓ-ರಿಂಗ್, ಎಥನಾಲ್ ತಡೆಯುವ ಪೈಪ್ ಕೇಳಿ ತೆಗೆದುಕೊಳ್ಳಿ. ಎಥನಾಲ್ ನೀರನ್ನೂ ಹೀರುತ್ತದೆ. ಎರಡು-ಮೂರು ವಾರ ಬೈಕ್ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ಕಾಕ್ ಮುಚ್ಚಿ ಎಂಜಿನ್ ನಿಲ್ಲುವವರೆಗೆ ಓಡಿಸಿದರೆ ಸಾಲದು, ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಕಿರುಬಾವಿಯ ತೂತು ಕಟ್ಟುವುದು ಅದರಿಂದಲೇ.