ಬೇಸಿಗೆ ರಜೆಯಲ್ಲಿ ಮಂಗಳೂರಿನಿಂದ ಕಾರಿನಲ್ಲಿ ಹೊರಟು ನಾಲ್ಕು ರಾಜ್ಯಗಳ ನೆಂಟರನ್ನು ಒಂದೇ ಸುತ್ತಿನಲ್ಲಿ ನೋಡಿ ಬರುವುದು ಹೇಗೆ?

ಮಡಗಾಂವ್, ಪುಣೆ, ಹೈದರಾಬಾದ್, ಕೊಯಮತ್ತೂರು, ಮರಳಿ ಮಂಗಳೂರು. ವಯಸ್ಸಾದ ತಂದೆ, ಇಬ್ಬರು ಮಕ್ಕಳು, ಒಂದು ಕಾರು, ಹತ್ತು ದಿನ. ಯಾವ ಕಡೆಯಿಂದ ಸುತ್ತಿದರೆ ಅನುಕೂಲ, ಯಾರಿಗೂ ಬೇಸರವಾಗಬಾರದು ಎಂದು ಕೇಳಿದ್ದೀರಿ. ದೇವಸ್ಥಾನವಾಗಿದ್ದರೆ ಪ್ರದಕ್ಷಿಣೆ ಬನ್ನಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಿಮ್ಮ ಪ್ರಶ್ನೆಯನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ಹೆಸರು ಬದಲಿಸಿ ನೀವೇ ಕೇಳಿದ್ದೋ?" ಎಂದಳು. ಕೊಯಮತ್ತೂರಿನ ಜಾಗದಲ್ಲಿ ಬೆಂಗಳೂರು, ನಡುವೆ ಕೊಲ್ಹಾಪುರ ಎಂದು ತಿದ್ದಿಕೊಂಡರೆ ಕೆಲವು ವರ್ಷಗಳ ಹಿಂದೆ ನಾನು ಹಾಕಿದ ಪಟ್ಟಿಯೇ ಅದು.

ನಮ್ಮದು ಉಡುಪಿ. ಮಡಗಾಂವ್‌ನಲ್ಲಿ ಹೆಂಡತಿಯ ಅಕ್ಕ, ಕೊಲ್ಹಾಪುರದಲ್ಲಿ ಅಪ್ಪನ ಅಕ್ಕ, ಪುಣೆಯಲ್ಲಿ ಚಿಕ್ಕಪ್ಪ, ಹೈದರಾಬಾದಿನಲ್ಲಿ ನನ್ನ ತಂಗಿ. ಮೊಬೈಲ್‌ನ ನಕ್ಷೆಯಲ್ಲಿ ಊರಿಂದೂರಿಗೆ ಎಷ್ಟು ಗಂಟೆ ಎಂದು ನೋಡಿ, ಊಟ ತಿಂಡಿಗೆ ಇಷ್ಟು ಎಂದು ಸೇರಿಸಿ, ನೀಟಾಗಿ ಒಂದು ವೇಳಾಪಟ್ಟಿ ಮಾಡಿದೆ. ಅದನ್ನು ಎಲ್ಲ ಮನೆಗಳಿಗೂ ಕಳುಹಿಸಿದೆ. ಯಾವ ಮನೆಯಲ್ಲಿ ಯಾವ ಹೊತ್ತಿನ ಊಟ ಎಂಬುದೂ ಅದರಲ್ಲಿತ್ತು. ಚಿಕ್ಕಪ್ಪ ಫೋನ್ ಮಾಡಿ, "ಯಕ್ಷಗಾನ ಮೇಳದವರ ತಿರುಗಾಟದ ಪಟ್ಟಿಯೂ ಇಷ್ಟು ಚೊಕ್ಕವಾಗಿ ಇರುವುದಿಲ್ಲ ಮಾರಾಯ" ಎಂದು ಹೊಗಳಿದರು. ಹೊಗಳಿಕೆಯೆಂದೇ ನಾನು ತಿಳಿದೆ.

ಮೊದಲ ದಿನ ಎಲ್ಲವೂ ಸಲೀಸಾಗಿ ನಡೆಯಿತು, ತೊಂದರೆಯಾದದ್ದು ಅದರಿಂದಲೇ. ಬೆಳಕು ಹರಿಯುವ ಮೊದಲೇ ಹೊರಟು ಸಾಸ್ತಾನದ ಟೋಲ್ ದಾಟಿದೆವು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ ನೋಡಿ ಮಕ್ಕಳು ಕೂಗಿದರು. ಶಿರೂರು, ಭಟ್ಕಳ, ಹೊನ್ನಾವರದ ಶರಾವತಿ ಸೇತುವೆ, ಕಾರವಾರ. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಮಡಗಾಂವ್. ನಕ್ಷೆ ಹೇಳಿದ ಗಂಟೆ, ನಾನು ಹೇಳಿದ ಗಂಟೆ, ಕಾರಿನ ಗಡಿಯಾರ ಮೂರೂ ಒಂದೇ ಆಗಿದ್ದವು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಂದ ಹೊರಡಬೇಕಿತ್ತು. ಸಂಜೆಯ ಕಾಫಿಗೆ ಕೊಲ್ಹಾಪುರದ ಅತ್ತೆಯ ಮನೆ. ಒಂಬತ್ತಕ್ಕೆ ನಾವೆಲ್ಲ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದೆವು. "ಕುಂಕುಮ ತೆಗೆದುಕೊಳ್ಳದೆ ಹೋಗುವುದುಂಟೇ?" ಎಂದು ಅತ್ತಿಗೆ ನನ್ನ ಹೆಂಡತಿಯನ್ನು ಒಳಗೆ ಕರೆದರು. ಕುಂಕುಮದ ಜೊತೆ ರವಿಕೆ ಕಣ ಕೊಡಬೇಕು, ಅದು ಕಪಾಟಿನಲ್ಲಿದೆ, ಕಪಾಟಿನ ಬೀಗದ ಕೈ ಭಾವನ ಚೀಲದಲ್ಲಿದೆ, ಭಾವ ಮಕ್ಕಳಿಗೆ ಏನೋ ತರಲು ಪೇಟೆಗೆ ಹೋಗಿದ್ದಾರೆ. ಅವರು ಬಂದ ಮೇಲೆ ಅತ್ತಿಗೆಯ ಅತ್ತೆಗೆ ಹೇಳಿ ಹೋಗಬೇಕು, ಅವರು ಪೂಜೆಗೆ ಕುಳಿತಿದ್ದಾರೆ. ಪೂಜೆ ಮುಗಿಯುವಷ್ಟರಲ್ಲಿ ಕಾರ್ಕಳ ಮೂಲದ ನೆರೆಮನೆಯವರು ಬಂದರು, ಅಪ್ಪನ ಜೊತೆ ಯಾರ ಮನೆ ಯಾರಿಗೆ ಸಂಬಂಧ ಎಂಬ ಮಾತು ತೆಗೆದರು. ಅತ್ತ ಭಾವ ಡಿಕ್ಕಿಯ ಸಾಮಾನುಗಳನ್ನೆಲ್ಲ ಹೊರಗಿಟ್ಟು, ಒಂದು ಹಣ್ಣಾದ ಹಲಸಿಗೆ ಜಾಗ ಮಾಡುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ನಮ್ಮ ಮಟ್ಟುಗುಳ್ಳ ಬದನೆಯ ಚೀಲ ಮಕ್ಕಳ ಕಾಲಬುಡಕ್ಕೆ ಬಂತು, ಅತ್ತೆಗೆಂದು ಬಾಳೆಎಲೆಯಲ್ಲಿ ಕಟ್ಟಿಸಿ ತಂದಿದ್ದ ಶಂಕರಪುರ ಮಲ್ಲಿಗೆ ನನ್ನ ಹೆಂಡತಿಯ ಮಡಿಲಿಗೆ. ಅಷ್ಟರಲ್ಲಿ ಹನ್ನೆರಡೂವರೆ. "ಇಷ್ಟು ಹೊತ್ತಾಯಿತಲ್ಲ, ಉಂಡೇ ಹೋಗಿ."

ಮಡಗಾಂವ್ ಬಿಟ್ಟಾಗ ಎರಡು ಗಂಟೆ. ಯಾರನ್ನು ದೂರಲಿ? ಅವರು ಮಾಡಿದ್ದರಲ್ಲಿ ಒಂದಾದರೂ ತಪ್ಪಿತ್ತೇ? ಆದರೆ ರಸ್ತೆಗೆ ಎಷ್ಟು ಹೊತ್ತು ಬೇಕೆಂದು ನಕ್ಷೆ ಹೇಳುತ್ತದೆ, ನಮ್ಮವರ ಮನೆಯ ಬಾಗಿಲಿನಿಂದ ಗೇಟಿನವರೆಗೆ ಎಷ್ಟು ಹೊತ್ತು ಬೇಕೆಂದು ಯಾವ ನಕ್ಷೆಯೂ ಹೇಳುವುದಿಲ್ಲ.

ಅತ್ತೆಗೆ ಫೋನ್ ಮಾಡಿ, "ಕಾಫಿಗೆ ಆಗುವುದಿಲ್ಲ, ಎಂಟಕ್ಕೆ ರಾತ್ರಿಯ ಊಟಕ್ಕೆ ಬರುತ್ತೇವೆ" ಎಂದೆ. ಬಾಂದಾ ದಾಟಿ ಸಾವಂತವಾಡಿಯಿಂದ ಅಂಬೋಲಿ ಘಾಟಿ ಹತ್ತಿದೆವು. ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು, ಅದರ ಹಿಂದೆ ಕಣ್ಣು ಹಾಯುವವರೆಗೆ ವಾಹನಗಳು. ಎಸಿ ಹಾಕಿ ಗಾಜು ಏರಿಸಿದ ಕಾರಿನಲ್ಲಿ ಹಲಸಿನ ಹಣ್ಣಿನ ವಾಸನೆ ಏನು ಮಾಡುತ್ತದೆ ಎಂದು ನಿಮಗೆ ಅನುಭವವಿರಬಹುದು. ಮಗಳು ಎರಡು ಬಾರಿ ವಾಂತಿ ಮಾಡಿಕೊಂಡಳು. ಘಾಟಿ ಬಿಡಿಸಿಕೊಂಡು ಮೇಲೆ ಬರುವಾಗ ಕತ್ತಲಾಗಿತ್ತು.

ಮುಂದಿನದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಉಳಿದದ್ದನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಎಂಟಕ್ಕೆ ಅತ್ತೆಯ ಫೋನ್ ಬಂದಾಗ ನಾವು ಆಜರಾದಲ್ಲಿದ್ದೆವು. ಇನ್ನೂ ಎರಡು ಗಂಟೆ ಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಇನ್ನೊಂದು ಗಂಟೆ" ಎಂದೆ. ಒಂಬತ್ತಕ್ಕೆ ಮತ್ತೆ ಫೋನ್. ನಾವು ಸಂಕೇಶ್ವರದಲ್ಲಿ ಹೆದ್ದಾರಿ ಸೇರುತ್ತಿದ್ದೆವು. ಆ ದಾರಿಯಲ್ಲಿ ಸ್ವಲ್ಪ ಹೊತ್ತು ಮತ್ತೆ ಕರ್ನಾಟಕಕ್ಕೆ ಬರುತ್ತೇವೆ, ಕನ್ನಡ ಬೋರ್ಡು ಕಂಡು ಅಪ್ಪ ಖುಷಿಯಾಗಿದ್ದರು. ನಿಪ್ಪಾಣಿ, ಕೊಗನೊಳ್ಳಿ, ಕಾಗಲ್ ದಾಟಿ ಕೊಲ್ಹಾಪುರ ಸೇರಲು ಒಂದು ಗಂಟೆಯ ಮೇಲೇ ಬೇಕು. ನಾನು ಹೇಳಿದ್ದು, "ಇನ್ನರ್ಧ ಗಂಟೆ ಅತ್ತೆ, ಬಂದೇ ಬಿಟ್ಟೆವು."

ಯಾಕೆ ಹಾಗೆ ಹೇಳಿದೆ? ನಾಚಿಕೆ. ವೇಳಾಪಟ್ಟಿ ಕಳುಹಿಸಿದ ದೊಡ್ಡ ಮನುಷ್ಯ ನಾನು. ಹಿಂದಿನ ಸೀಟಿನಲ್ಲಿ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. "ಹನ್ನೊಂದಾಗುತ್ತದೆ, ನೀವು ಉಂಡು ಮಲಗಿ, ಬಾಗಿಲು ತಟ್ಟುತ್ತೇವೆ" ಎನ್ನಲು ಬಾಯಿ ಬರಲಿಲ್ಲ. ಅಷ್ಟು ಹೇಳಿದ್ದರೆ ಅತ್ತೆ ಒಂದಿಷ್ಟು ಬೈದು, ಉಂಡು ಮಲಗುತ್ತಿದ್ದರು. ತಡವಾದದ್ದು ತಪ್ಪಲ್ಲ, ಘಾಟಿಯ ಲಾರಿ ನನ್ನ ಕೈಯಲ್ಲಿರಲಿಲ್ಲ. ತಡ ಎಷ್ಟೆಂದು ಗೊತ್ತಿದ್ದೂ ಅದನ್ನು ಕತ್ತರಿಸಿ ಚಿಕ್ಕದು ಮಾಡಿ ಹೇಳಿದ್ದು ತಪ್ಪು.

ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಅವರಿಗೆ ವೈದ್ಯರು ಹೇಳಿದ್ದರು. ನಾನು ಅರ್ಧ ಗಂಟೆ ಎಂದೆ. ಅವರು ಫೋನ್ ಇಟ್ಟು ಚುಚ್ಚಿಕೊಂಡರು. ತಮ್ಮ ಇಷ್ಟು ದೂರದಿಂದ ಬರುವಾಗ ತಾನು ಮೊದಲು ಉಣ್ಣುವುದೇ ಎಂದು ಕುಳಿತರು.

ನಾವು ತಲಪುವಾಗ ಹನ್ನೊಂದಕ್ಕೆ ಸ್ವಲ್ಪವೇ ಬಾಕಿ. ಬಾಗಿಲು ತೆರೆದಿತ್ತು. ಒಳಗೆ ಅತ್ತೆ ನೆಲದ ಮೇಲೆ ಗೋಡೆಗೆ ಒರಗಿದ್ದರು, ಸೀರೆಯ ಸೆರಗು ಬೆವರಿನಿಂದ ಒದ್ದೆ, ಕೈ ನಡುಗುತ್ತಿತ್ತು. ಪಕ್ಕದ ಮನೆಯ ಮರಾಠಿ ಹೆಂಗಸು ಚಮಚದಲ್ಲಿ ಸಕ್ಕರೆ ನೀರು ಕುಡಿಸುತ್ತಿದ್ದರು. ಅವರು ನನಗೆ ಬೈದದ್ದರಲ್ಲಿ ಅರ್ಧವೂ ಅರ್ಥವಾಗಲಿಲ್ಲ, ಅರ್ಥವಾಗಬೇಕಾದದ್ದು ಅರ್ಥವಾಯಿತು. ರಾತ್ರಿಯೇ ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಡ್ರಿಪ್ ಹಾಕಿದರು, ಬೆಳಿಗ್ಗೆ ಮನೆಗೆ ಬಿಟ್ಟರು. ಮನೆಯಲ್ಲಿ ಮುಚ್ಚಿಟ್ಟ ಪಾತ್ರೆಗಳು ಹಾಗೆಯೇ ಇದ್ದವು. ಅಪ್ಪನಿಗೆ ಇಷ್ಟವೆಂದು ಮಾಡಿದ ಮಾವಿನಹಣ್ಣಿನ ಸಾಸಿವೆ ರಾತ್ರಿಯ ಸೆಕೆಗೆ ಹುಳಿದು ನೊರೆ ಬಂದಿತ್ತು.

ಪುಣೆಗೆ ಹೊರಡಬೇಕಾದ ದಿನ ಅಪ್ಪ, "ನೀವು ಹೋಗಿ ಬನ್ನಿ. ನಾನು ಬಂದದ್ದು ಅಕ್ಕನನ್ನು ನೋಡಲು" ಎಂದರು. ಅದನ್ನು ಉಡುಪಿಯಲ್ಲೇ ಹೇಳಬಹುದಿತ್ತಲ್ಲ ಎಂದೆ. "ನೀನು ಕೇಳಿದ್ದೆಯೋ?" ಎಂದರು.

ನಾವು ಯಾರೂ ಹೋಗಲಿಲ್ಲ. ಸುದ್ದಿ ಕೇಳಿ ಚಿಕ್ಕಪ್ಪನೇ ಚಿಕ್ಕಮ್ಮನನ್ನು ಕರೆದುಕೊಂಡು ಪುಣೆಯಿಂದ ಬಸ್ಸಿನಲ್ಲಿ ಬಂದರು. ಕೊಲ್ಹಾಪುರಕ್ಕೆ ಇನ್ನೂರಮೂವತ್ತು ಕಿಲೋಮೀಟರ್ ಆಸುಪಾಸು, ಒಳ್ಳೆಯ ರಸ್ತೆ. ಅಕ್ಕ ತಮ್ಮಂದಿರು ಮೂವರೂ ಒಂದೇ ಮನೆಯಲ್ಲಿ ಸೇರಿ ಎಷ್ಟು ಕಾಲವಾಗಿತ್ತೋ! ಅತ್ತೆ ಮಂಚದಲ್ಲಿ ಮಲಗಿಕೊಂಡೇ ಇಬ್ಬರಿಗೂ ಜೋರು ಮಾಡುತ್ತಿದ್ದರು. ಮಕ್ಕಳು ಹಲಸಿನ ಹಣ್ಣನ್ನು ಪಕ್ಕದ ಮನೆಯವರಿಗೆ ಹಂಚಿದರು, ಬೈದ ಹೆಂಗಸಿಗೆ ಹೆಚ್ಚು ಸೊಳೆ ಕೊಡಿಸಿದ್ದು ನಾನೇ. ಹೈದರಾಬಾದಿನ ತಂಗಿ ಮಾತ್ರ ಕಚೇರಿಗೆ ರಜೆ ಹಾಕಿ, ಕೋಣೆಗೆ ಹೊಸ ಹಾಸಿಗೆ ತಂದು ಕಾದಿದ್ದಳು. ದೀಪಾವಳಿಯವರೆಗೆ ನನ್ನೊಡನೆ ನೆಟ್ಟಗೆ ಮಾತನಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಯಾರಿಗೂ ಬೇಸರವಾಗಬಾರದು ಎಂದಿದ್ದೀರಿ. ಹತ್ತು ದಿನದಲ್ಲಿ ನಾಲ್ಕು ಮನೆ ಎಂದರೆ ನಾಲ್ಕು ಮನೆಯವರಿಗೂ ಬೇಸರ ಮಾಡುವ ಯೋಜನೆಯೇ ಅದು. ರಾತ್ರಿ ಬಂದು ಬೆಳಿಗ್ಗೆ ಹೋಗುವವರಿಗೆ ಬಡಿಸಿದವರಿಗೂ ತೃಪ್ತಿಯಿಲ್ಲ, ಉಂಡವರಿಗೂ ಇಲ್ಲ. ಹೀಗೆ ಕೇಳಿದವರಿಗೆಲ್ಲ "ನೆಂಟರ ಊರಿನಲ್ಲೇ ಲಾಡ್ಜ್ ಮಾಡಿ, ಮನೆಗೆ ಒಂದು ಗಂಟೆ ಹೋಗಿ ಬನ್ನಿ" ಎಂದು ಬುದ್ಧಿ ಹೇಳುವವರಿದ್ದಾರೆ. ನಮ್ಮ ಕಡೆ ಅದನ್ನು ಮಾಡಿ ನೋಡಿ, ಮುಂದಿನ ಮದುವೆಯ ಕಾಗದ ನಿಮಗೆ ಅಂಚೆಯಲ್ಲಿ ಬರುತ್ತದೆ.

ನಾಲ್ಕೂ ಮನೆಗೆ ನೀವೇ ಏಕೆ ಹೋಗಬೇಕು? ಮೊದಲು ನಿಮ್ಮ ತಂದೆಯನ್ನು ಒಬ್ಬರೇ ಇರುವಾಗ ಕೂರಿಸಿ, ಯಾರನ್ನು ನೋಡಬೇಕು ಎಂದು ಕೇಳಿ. "ಎಲ್ಲರನ್ನೂ" ಎಂದರೆ ಮರುದಿನ ಮತ್ತೆ ಕೇಳಿ. ಆ ಮನೆಗೆ ಹೋಗಿ, ಅಲ್ಲೇ ಇರಿ, ಹತ್ತಿರದವರನ್ನು ಅಲ್ಲಿಗೇ ಕರೆಯಿರಿ. ಮಡಗಾಂವ್ ಮತ್ತು ಪುಣೆಯವರು ಹಾಗೆ ಒಂದೆಡೆ ಸೇರುವುದು ಕಷ್ಟವಲ್ಲ. ಹೈದರಾಬಾದನ್ನು ಈ ಸಲ ಬಿಡಿ. ಪುಣೆಯಿಂದ ಸೊಲ್ಲಾಪುರದ ಮೇಲೆ ಅಲ್ಲಿಗೆ ಐನೂರಐವತ್ತು ಕಿಲೋಮೀಟರ್‌ಗೂ ಹೆಚ್ಚು. ಮೇ ತಿಂಗಳ ಸೊಲ್ಲಾಪುರವೆಂದರೆ ನಲವತ್ತು ಡಿಗ್ರಿ ದಾಟುವ ಬಿಸಿಲು. ನಮ್ಮ ಕರಾವಳಿಯ ಬೆವರು ಸೆಕೆಗೆ ಒಗ್ಗಿದ ಹಿರಿಯರಿಗೆ ಆ ಒಣ ಬಿಸಿಲು ಬೇಡ.

ಕೊಯಮತ್ತೂರಿಗೆ ಕಾರು ಯಾಕೆ? ಮಂಗಳೂರಿನಿಂದಲೇ ಇಂಟರ್‌ಸಿಟಿ ರೈಲಿದೆ, ತಂದೆಯನ್ನು ಕರೆದುಕೊಂಡು ದಸರಾ ರಜೆಯಲ್ಲಿ ಹೋಗಿ ಬನ್ನಿ. ಕಾರೇ ಬೇಕು, ಮೈಸೂರಿನ ಮೇಲೆ ಬರುತ್ತೇನೆ ಎಂದಾದರೆ ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. "ಇನ್ನರ್ಧ ಗಂಟೆ" ಎಂಬ ಮಾತು ಆ ಗೇಟಿನಲ್ಲಿ ನಡೆಯುವುದಿಲ್ಲ. ಕೇರಳದ ಮೇಲೆ ಬಂದರೆ ಮಾಹೆಯಲ್ಲಿ ಪೆಟ್ರೋಲ್ ಅಗ್ಗ, ಆದರೆ 2024ರಲ್ಲಿ ತೆರೆದ ತಲಶ್ಶೇರಿ–ಮಾಹೆ ಬೈಪಾಸ್ ಹಿಡಿದರೆ ಊರೊಳಗಿನ ಬಂಕುಗಳು ತಪ್ಪಿಹೋಗುತ್ತವೆ.

ಗೋವಾ ಕಡೆಗೆ ಹೊರಟರೆ ಒಂದು ವಿಷಯ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ನಾವು ಹೋದ ಕಾಲದ ಲೆಕ್ಕವನ್ನು ಆ ಜಾಗದಲ್ಲಿ ನಂಬಬೇಡಿ. ಇನ್ನು ಕರಾವಳಿಯ ಹೆದ್ದಾರಿಯಲ್ಲೇ ಮುಂಬೈವರೆಗೆ ಓಡಿಸುವ ಆಸೆ ಯಾರಾದರೂ ಹುಟ್ಟಿಸಿದರೆ ಸುರತ್ಕಲ್‌ಗೆ ಹೋಗಿ ನೋಡಿ ಬನ್ನಿ. ಓಡಿಸುವುದೇ ಕಸುಬಾದ ಲಾರಿ ಚಾಲಕರು ಅಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸಿಕೊಳ್ಳುತ್ತಾರೆ. ಕೊಂಕಣ ರೈಲ್ವೆ 1999ರಿಂದ ಈ ಸೇವೆ ನಡೆಸುತ್ತಿದೆ.

ಸಾಮಾನಿನ ವಿಷಯದಲ್ಲಿ ನನ್ನ ಹೆಂಡತಿಯದು ಒಂದೇ ಮಾತು: ಹಪ್ಪಳ ಒಯ್ಯಿರಿ, ಹಣ್ಣು ಬೇಡ. ಯಾರಾದರೂ ಹಲಸು ತಂದುಕೊಟ್ಟರೆ ಅಲ್ಲೇ ಕೊಯ್ದು ತಿಂದು ಹೊರಡಿ, ಹೇಗೂ ಆ ಮನೆಯಿಂದ ನೀವು ಹೇಳಿದ ಹೊತ್ತಿಗೆ ಹೊರಡುವುದಿಲ್ಲ.

ಮತ್ತೆ, ಹೋಗುವ ಮನೆಯ ಹಿರಿಯರಿಗೆ ಯಾವ ಔಷಧಿ, ಯಾವ ಹೊತ್ತಿಗೆ ಎಂದು ಅವರ ಮಕ್ಕಳನ್ನೇ ಕೇಳಿ ತಿಳಿದುಕೊಳ್ಳಿ, ಹಿರಿಯರನ್ನು ಕೇಳಿದರೆ "ನನಗೇನಾಗಿದೆ?" ಎನ್ನುತ್ತಾರೆ. ಬರುವ ದಿನವನ್ನಷ್ಟೇ ತಿಳಿಸಿ, ಯಾವ ಊಟಕ್ಕೆ ಎಂದು ಹೇಳಬೇಡಿ. ಕೊಲ್ಹಾಪುರಕ್ಕೆ ನಾವು ಈಗಲೂ ಹೋಗುತ್ತೇವೆ. ನಿಪ್ಪಾಣಿಯಲ್ಲಿ ಉಂಡು, ಕೈ ತೊಳೆದ ಮೇಲೆಯೇ ಅತ್ತೆಗೆ ಫೋನ್ ಮಾಡುತ್ತೇನೆ. ಹೊರಗೆ ಉಂಡು ಬಂದದ್ದಕ್ಕೆ ಪ್ರತಿ ಸಲವೂ ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.