ನೀನು ಕೇಳಿದ ಕೊನೆಯ ಪ್ರಶ್ನೆ

ಮಗಳೇ,

ನಿನ್ನ ಪತ್ರ ಎರಡು ಸಲ ಓದಿದೆ. ಉಡುಪಿಯಲ್ಲಿ ನರ್ಸಿಂಗ್ ಮುಗಿಸಿದ್ದೀಯ, ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಿದೆ, ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ತುಂಬ ಖುಷಿ ಆಯಿತು. ಚಳಿಗೆ ಏನು ತರಬೇಕು, ಊಟದ ಗತಿ ಏನು, ಮನೆಗೆ ಎಷ್ಟು ಕಳಿಸಬಹುದು ಅಂತೆಲ್ಲ ಕೇಳಿದ್ದೀಯ. ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯ: "ಆಂಟಿ, ದೇವರ ಕರೆ ಅಂತ ಹೇಳಿ ಸಭೆಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡಿದ್ದೇನೆ. ನಿಜವಾಗಿ ಅಪ್ಪನ ಸಾಲ ತೀರಿಸಲು ಬರುತ್ತಿದ್ದೇನೆ, ಇದು ತಪ್ಪಾ?"

ಮೊದಲು ಸಣ್ಣ ಪ್ರಶ್ನೆಗಳು. ಜಾಕೆಟ್ ಊರಲ್ಲಿ ಕೊಳ್ಳಬೇಡ, ಇಲ್ಲಿಗೆ ಬಂದು ತಗೋ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಚಳಿಗಿಂತ ಆ ಕತ್ತಲೆಯೇ ಕಷ್ಟ, ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಕುಚ್ಚಲಕ್ಕಿ ಶ್ರೀಲಂಕಾದ ತಮಿಳರ ಅಂಗಡಿಗಳಲ್ಲಿ ಸಿಗುತ್ತದೆ, ತೆಂಗಿನಕಾಯಿಯೂ ಸಿಗುತ್ತದೆ. ಬಂಗುಡೆಯ ಆಸೆ ಮಾತ್ರ ಊರಿಗೆ ಹೋದಾಗಲೇ ತೀರಿಸಿಕೊಳ್ಳಬೇಕು. ಆದಿತ್ಯವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡು. ದುಡ್ಡಿನ ವಿಷಯ: ನಿನ್ನ ಸರ್ಟಿಫಿಕೇಟಿಗೆ ಇಲ್ಲಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳವೇ. ಆ ತಿಂಗಳುಗಳಲ್ಲಿ ಮನೆಗೆ ಜಾಸ್ತಿ ಕಳಿಸುತ್ತೇನೆ ಅಂತ ಮಾತು ಕೊಡಬೇಡ. ಪರೀಕ್ಷೆಗಳ ಬಗ್ಗೆ ನಿನ್ನ ವಯಸ್ಸಿನವರನ್ನೇ ಕೇಳು. ನನ್ನ ಕಾಲದ ಪದ್ಧತಿ ಬೇರೆ.

ಇನ್ನೊಂದಿದೆ, ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದ ಕೂಡಲೇ ಪುರಸಭೆಯಲ್ಲಿ ವಿಳಾಸ ಬರೆಸಬೇಕು. ಆಗ ನಿನ್ನ ಧರ್ಮವನ್ನೂ ಕೇಳುತ್ತಾರೆ. 'ಎಫಾಂಗೆಲಿಶ್', ಅಂದರೆ ಪ್ರೊಟೆಸ್ಟಂಟ್, ಅಂತ ಬರೆದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ. ನಮ್ಮ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8ರಷ್ಟು, ಹೆಚ್ಚಿನ ರಾಜ್ಯಗಳಲ್ಲಿ ಶೇ. 9. ಆ ಜಾಗ ಖಾಲಿ ಬಿಡು, ದುಡ್ಡು ಉಳಿಯುತ್ತದೆ ಅಂತ ನಮ್ಮವರೇ ಕಿವಿಯಲ್ಲಿ ಹೇಳುತ್ತಾರೆ. ಬರೆಯುವುದು ಬಿಡುವುದು ನಿನಗೆ ಸೇರಿದ್ದು. ನಾನು ಬರೆದೆ. ನಮ್ಮ ಅಜ್ಜಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಆ ಡಬ್ಬ ದೇವಾಲಯಕ್ಕೆ, ಅಂದರೆ ನಮ್ಮ ಚರ್ಚಿಗೆ, ಹೋಗುತ್ತಿತ್ತು. ಅಕ್ಕಿ ಕಡಿಮೆ ಇದ್ದ ದಿನ ಹಿಡಿ ಸಣ್ಣದಾಗುತ್ತಿತ್ತು, ಆದರೆ ತಪ್ಪುತ್ತಿರಲಿಲ್ಲ. ಸಂಬಳದ ಚೀಟಿಯಲ್ಲಿ ಆ ಸಾಲು ನೋಡಿದಾಗಲೆಲ್ಲ ನನಗೆ ಆ ಡಬ್ಬ ಕಣ್ಣ ಮುಂದೆ ಬರುತ್ತದೆ.

ಈಗ ನಿನ್ನ ಕೊನೆಯ ಪ್ರಶ್ನೆ.

ನಾನು ಬಂದದ್ದು 1971ರ ಸೆಪ್ಟೆಂಬರ್‌ನಲ್ಲಿ. ಹತ್ತೊಂಬತ್ತು ವರ್ಷ. ಡಯಾಕೊನಿಸ್ಸೆ ಸಿಸ್ಟರ್‌ಗಳು, ಅಂದರೆ ಸೇವೆಗೆ ನಿಂತ ಪ್ರೊಟೆಸ್ಟಂಟ್ ಸಿಸ್ಟರ್‌ಗಳು, ನಡೆಸುತ್ತಿದ್ದ ಆಸ್ಪತ್ರೆಯೊಂದರಲ್ಲಿ ಇಲ್ಲಿಯೇ ನರ್ಸಿಂಗ್ ಕಲಿಯಲು ಕರೆಸಿಕೊಂಡರು. ಹೊರಡುವ ಮುಂಚಿನ ಆದಿತ್ಯವಾರ ನನ್ನನ್ನೂ ಮುಂದೆ ಮೊಣಕಾಲೂರಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸಭಾಪಾಲಕರು ಹೇಳಿದರು: 1834ರಲ್ಲಿ ಬಾಸೆಲಿನಿಂದ ಮೂವರು ಮಿಶನರಿಗಳು ಮಂಗಳೂರಿಗೆ ಬಂದು ಇಳಿದರು, ಈಗ ನಮ್ಮ ಹುಡುಗಿ ಅವರ ನಾಡಿಗೆ ಹೋಗುತ್ತಿದ್ದಾಳೆ. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಮಾತ್ರ ತಲೆ ತಗ್ಗಿಸಿ ಬೇರೆ ಲೆಕ್ಕ ಹಾಕುತ್ತಿದ್ದೆ. ಅಕ್ಕನ ಮದುವೆಯ ಸಾಲ ಎಷ್ಟು, ಮನೆಯ ಮಾಡು ರಿಪೇರಿಗೆ ಎಷ್ಟು.

ಆ ಮಾಡಿನ ಬಗ್ಗೆ ಹೇಳಬೇಕು. ಚಿಕ್ಕವಳಿದ್ದಾಗ ಜ್ವರ ಬಂದು ಚಾಪೆಯಲ್ಲಿ ಮಲಗಿದರೆ ಮೇಲೆ ಕಾಣುತ್ತಿದ್ದದ್ದು ಹಂಚು. ಒಂದೊಂದು ಹಂಚಿನ ಒಳಮೈಯಲ್ಲೂ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865. ಹೊಗೆ ಹಿಡಿದು ಅಕ್ಷರಗಳೂ ಕಪ್ಪು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಪುಸ್ತಕದಲ್ಲಲ್ಲ, ಆ ಮಾಡಿನಲ್ಲಿ. ಬಾಸೆಲ್ ಅಂದರೆ ಆಕಾಶಕ್ಕೆ ಹತ್ತಿರದ ಯಾವುದೋ ಊರು ಅಂದುಕೊಂಡಿದ್ದೆ. ಅಜ್ಜಿಯೂ ಹಾಗೆಯೇ ಅಂದುಕೊಂಡಿದ್ದರು ಅಂತ ಕಾಣುತ್ತದೆ. ಸತ್ಯವೇದ ತಂದವರ ನಾಡು, ಉಡುಪಿಯಲ್ಲಿ 1923ರಲ್ಲಿ ಹೆಂಗಸರು ಮಕ್ಕಳಿಗೆ ಆಸ್ಪತ್ರೆ ತೆರೆದ ಡಾಕ್ಟರ್ ಈವಾ ಲೊಂಬಾರ್ಡ್ ಅವರ ನಾಡು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಅದು ಬೇರೆ, ಜರ್ಮನಿ ಬೇರೆ ಅನ್ನುವುದು ಅಜ್ಜಿಗೆ ಗೊತ್ತಿರಲಿಲ್ಲ. ಅಲ್ಲಿ ಎಲ್ಲರೂ ಪ್ರಾರ್ಥಿಸುವವರೇ ಅಂತ ಅವರ ನಂಬಿಕೆ.

ಬಂದ ಎರಡನೆಯ ವಾರ, ಅಕ್ಟೋಬರಿನ ಮೊದಲ ಆದಿತ್ಯವಾರ, ಆರಾಧನೆಗೆ ಹೋದೆ. ಎತ್ತರದ ಕಲ್ಲಿನ ದೇವಾಲಯ, ಒಳಗೆ ಹೊರಗಿಗಿಂತ ಚಳಿ. ವೇದಿಕೆಯ ಮುಂದೆ ಕುಂಬಳಕಾಯಿ, ಸೇಬು, ದ್ರಾಕ್ಷಿ, ಆಲೂಗಡ್ಡೆ, ದೊಡ್ಡದೊಂದು ರೊಟ್ಟಿ ಜೋಡಿಸಿಟ್ಟಿದ್ದರು. ನೋಡಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಬೆಳೆ ಹಬ್ಬ. ನಮ್ಮಲ್ಲಿ ಬಾಳೆಗೊನೆ, ಸೌತೆಕಾಯಿ, ಕಾಲು ಕಟ್ಟಿದ ಕೋಳಿ ಇಡುತ್ತಿದ್ದರು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಅಷ್ಟರಲ್ಲಿ ಆರ್ಗನ್ ಶುರುವಾಯಿತು. ಮಾತು ಒಂದೂ ಅರ್ಥವಾಗಲಿಲ್ಲ, ಆದರೆ ರಾಗ ನಮ್ಮದೇ! ಅಜ್ಜಿ ಬೆಳಗ್ಗೆ ಒಲೆ ಊದುತ್ತ ಗುನುಗುತ್ತಿದ್ದ ರಾಗ. ನಾನು ಕನ್ನಡದಲ್ಲೇ ಗಟ್ಟಿಯಾಗಿ ಹಾಡಿದೆ. ಪಕ್ಕದ ಮುದುಕಿ ತಿರುಗಿ ನೋಡಿ ತನ್ನ ಹಾಡಿನ ಪುಸ್ತಕವನ್ನು ನನ್ನ ಕಡೆ ಸರಿಸಿದರು. ನಾನು ತಲೆಯಾಡಿಸಿ ಹಾಡುತ್ತಲೇ ಇದ್ದೆ.

ಹಾಡು ಮುಗಿದ ಮೇಲೆ ಸುತ್ತ ನೋಡಿದೆ. ಐನೂರು ಜನ ಕೂರುವ ಜಾಗ. ಎಣಿಸಿದೆ, ನನ್ನನ್ನೂ ಸೇರಿಸಿ ಇಪ್ಪತ್ತಮೂರು. ಹೆಚ್ಚಿನವರು ಎಪ್ಪತ್ತು ದಾಟಿದವರು.

ಅಜ್ಜಿಯ ಮೊದಲ ಪತ್ರದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ದೇವಾಲಯದಲ್ಲಿ ಕೂತುಕೊಳ್ಳಲು ಜಾಗ ಸಿಗುತ್ತದಾ?" ನಾನು ನೀಲಿ ಏರೋಗ್ರಾಮಿನಲ್ಲಿ (ಮಡಚಿ ವಿಮಾನದಂಚೆಗೆ ಹಾಕುವ ಕಾಗದ) ಬರೆದೆ: "ಬೇಗ ಹೋಗದಿದ್ದರೆ ಸಿಗುವುದಿಲ್ಲ ಅಜ್ಜಿ."

ಕ್ರಿಸ್ಮಸ್ ಹಿಂದಿನ ರಾತ್ರಿ ಇಲ್ಲಿ ದೇವಾಲಯ ನಿಜವಾಗಿಯೂ ತುಂಬುತ್ತದೆ. ಆ ಒಂದು ರಾತ್ರಿಯನ್ನು ಹಿಡಿದು ನಾನು ಇಡೀ ವರ್ಷದ ಪತ್ರ ಬರೆಯುತ್ತಿದ್ದೆ. ನನ್ನ ವಾರ್ಡಿನ ಹುಡುಗಿಯರು ಊಟಕ್ಕೆ ಮುಂಚೆ ಪ್ರಾರ್ಥಿಸುತ್ತಾರೆ ಅಂತ ಬರೆದೆ. ಸುಳ್ಳು. ನನಗೆ ಮನೆ ನೆನಪೇ ಆಗುವುದಿಲ್ಲ ಅಂತ ಬರೆದೆ. ದೊಡ್ಡ ಸುಳ್ಳು. ರಾತ್ರಿ ದಿಂಬು ಕಚ್ಚಿಕೊಂಡು ಅಳುತ್ತಿದ್ದೆ, ಮೊದಲ ಚಳಿಗಾಲದಲ್ಲಿ ಪ್ರಾರ್ಥನೆಯೇ ಬಾಯಿಗೆ ಬರುತ್ತಿರಲಿಲ್ಲ. ದೇವರ ಕರೆ ಅಂತ ಹೇಳಿ ದುಡ್ಡಿಗೆ ಬಂದವಳು, ಯಾವ ಮುಖ ಇಟ್ಟುಕೊಂಡು ಪ್ರಾರ್ಥಿಸಲಿ ಅನ್ನಿಸುತ್ತಿತ್ತು. ಅಜ್ಜಿಗೆ ನೋವಾಗಬಾರದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೀಗೆ ಒಂಬತ್ತು ವರ್ಷ.

1980ರಲ್ಲಿ ಅಜ್ಜಿ ತೀರಿಕೊಂಡರು. ಟೆಲಿಗ್ರಾಂ ಬರುವಾಗ ಮಣ್ಣು ಮಾಡಿ ಆಗಿತ್ತು. ರಜೆ ಸಿಕ್ಕಿ ಊರಿಗೆ ಹೋದಾಗ ಎರಡು ತಿಂಗಳು ಕಳೆದಿತ್ತು. ಚಿಕ್ಕಮ್ಮ ಒಂದು ಬಿಸ್ಕೆಟ್ ಡಬ್ಬ ತಂದು ಕೊಟ್ಟರು. ನನ್ನ ಏರೋಗ್ರಾಮ್‌ಗಳೆಲ್ಲ ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದವು. ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಅಜ್ಜಿ ಅವನ್ನು ಓದಿ ಹೇಳುತ್ತಿದ್ದರಂತೆ. "ಅಲ್ಲಿ ಜಾಗ ಸಿಗುವುದಿಲ್ಲ, ಇಲ್ಲಿ ನೀವು ಎರಡನೇ ಗಂಟೆ ಹೊಡೆದ ಮೇಲೆ ಬರುತ್ತೀರಿ" ಅಂತ ಬೈಯುತ್ತಿದ್ದರಂತೆ. ಪತ್ರಗಳ ಕೆಳಗೆ ಅವರ ಪ್ರಾರ್ಥನೆಯ ನೋಟುಪುಸ್ತಕ ಇತ್ತು. ಪ್ರತಿ ಪುಟದ ಮಧ್ಯೆ ಪೆನ್ಸಿಲಿನಲ್ಲಿ ಒಂದು ಗೆರೆ. ಎಡಗಡೆ 'ಸ್ತೋತ್ರ', ಬಲಗಡೆ 'ಬೇಡಿಕೆ'. ಬಲಗಡೆ ಏನೆಲ್ಲ ಇತ್ತು ಗೊತ್ತಾ? ಕಾಯಿಲೆಯವರ ಹೆಸರು, ಕುಡಿಯುವವರ ಹೆಸರು, ಪಕ್ಕದ ಮನೆಯ ಗಬ್ಬದ ದನ, 1977ರ ಆಂಧ್ರದ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರು. ನನ್ನ ಹೆಸರು ಹುಡುಕಿದೆ. ಎಲ್ಲ ಪುಟದಲ್ಲೂ ಇತ್ತು, ಆದರೆ ಎಡಗಡೆ. 'ಸ್ತೋತ್ರ'ದ ಕೆಳಗೆ ನಾನು ಮತ್ತು ಜರ್ಮನಿ.

ಮಗಳೇ, ನಾನು ಆ ಚಾವಡಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನಿಜ ಬರೆದಿದ್ದರೆ ಅಜ್ಜಿ ಒಡೆದು ಹೋಗುತ್ತಿರಲಿಲ್ಲ. ಗೆರೆಯ ಈ ಕಡೆಯಿಂದ ಆ ಕಡೆಗೆ ನನ್ನ ಹೆಸರು ಬರೆಯುತ್ತಿದ್ದರು, ಅಷ್ಟೇ. ಆ ಖಾಲಿ ದೇವಾಲಯಕ್ಕಾಗಿಯೂ ಬೇಡುತ್ತಿದ್ದರು. ಬೇಡುವುದೇ ಅವರ ಕೆಲಸವಾಗಿತ್ತು. ನನಗೆ ತುಂಬ ಬೇಕಾಗಿದ್ದ ಒಂಬತ್ತು ವರ್ಷ ಆ ಕೆಲಸವನ್ನು ನಾನೇ ಅವರ ಕೈಯಿಂದ ತಪ್ಪಿಸಿದೆ. ಈಗಲೂ ನಿದ್ದೆ ಬಾರದ ರಾತ್ರಿ ಆ ಪೆನ್ಸಿಲ್ ಗೆರೆ ಕಾಣುತ್ತದೆ.

ಅದಾದ ಕೆಲವು ವರ್ಷಕ್ಕೆ ಬಾಸೆಲಿಗೆ ಹೋದೆ. ಇಲ್ಲಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ ದಾರಿ. ಮಿಶನ್ ಮನೆಯಲ್ಲಿ ನಮ್ಮ ಕರಾವಳಿಯ ಹಳೆಯ ಫೋಟೋಗಳಿವೆ. ಹಂಚಿನ ಕಾರ್ಖಾನೆಯ ಕೆಲಸಗಾರರ ಒಂದು ಫೋಟೋ ಎದುರು ಕೂತು ಒಂದೊಂದೇ ಮುಖ ನೋಡಿದೆ. ಅಜ್ಜಿಯ ಅಮ್ಮ ಮಲ್ಪೆಯ ಮಿಶನ್ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು. ಅವರ ಅಪ್ಪ ಕ್ರೈಸ್ತ ಮತಕ್ಕೆ ಸೇರಿದಾಗ ಮನೆಯವರು ಹೊರಗೆ ಹಾಕಿದ್ದರು. ಭೂಮಿ ಹೋಯಿತು, ಕಸುಬು ಹೋಯಿತು. ಹಾಗೆ ಎಲ್ಲ ಕಳೆದುಕೊಂಡವರಿಗೆ ಕೆಲಸ ಕೊಡಲಿಕ್ಕೇ ಮಿಶನ್‌ನವರು ನೇಯ್ಗೆ, ಹಂಚು ಎಲ್ಲ ಶುರು ಮಾಡಿದ್ದು. 'ಹೊಟ್ಟೆಪಾಡಿಗೆ ಮತಕ್ಕೆ ಬಂದವರು' ಅಂತ ನಮ್ಮನ್ನು ಆಡಿಕೊಂಡವರೂ ಇದ್ದಾರೆ, ನೀನೂ ಕೇಳಿರುತ್ತೀಯ. ಆ ಮಾತು ನನ್ನನ್ನು ಶಾಲೆಯಲ್ಲಿ ತುಂಬ ಚುಚ್ಚಿತ್ತು. ಆ ಫೋಟೋ ನೋಡಿದ ದಿನ ಮಾತ್ರ ನಾಚಿಕೆ ಆಗಲಿಲ್ಲ. ಹಂಚು ಹೊತ್ತು ಬಂದ ಕೂಲಿಯಲ್ಲಿ ಗಂಜಿ ಬೇಯಿಸಿ, ಅದರಲ್ಲೇ ಒಂದು ಹಿಡಿ ದೇವರಿಗೆ ಎತ್ತಿಟ್ಟ ಹೆಂಗಸರು ಅವರು. ಅನ್ನವೂ ನಂಬಿಕೆಯೂ ನಮ್ಮ ಮನೆಗೆ ಒಟ್ಟಿಗೇ ಬಂದವು. ಹಾಗಿರುವಾಗ ನಾನು ಸಾಲಕ್ಕೆ ಬಂದೆ ಅಂತ ಅಷ್ಟು ವರ್ಷ ಮುಖ ಮುಚ್ಚಿಕೊಂಡಿದ್ದು ಯಾಕೆ?

ಜರ್ಮನ್ ಕಲಿತವಳು ನೀನು. ಯಾವ ಅರ್ಜಿ ತೆಗೆದರೂ 'ಬೆರೂಫ್' ಅಂತ ಒಂದು ಜಾಗ ಇರುತ್ತದೆ, ಕಸುಬು ಅಂತ ಅರ್ಥ. ಅದರ ಒಳಗಿರುವ 'ರೂಫ್' ಅಂದರೆ ಕರೆ. ಲೂಥರ್ ಸತ್ಯವೇದವನ್ನು ಜರ್ಮನ್ ಭಾಷೆಗೆ ತಂದಾಗ ದೇವರ ಕರೆಗೂ ಇದೇ ಮಾತು ಬಳಸಿದರು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಇದನ್ನು ನನಗೆ ಹೇಳಿಕೊಟ್ಟದ್ದು ಚರ್ಚಿನಲ್ಲಲ್ಲ, ಮಲದ ಪಾತ್ರೆ ತೊಳೆಯುವ ಕೋಣೆಯಲ್ಲಿ.

ನನಗೆ ಅದು ಅರ್ಥವಾದದ್ದು 1975ರ ಒಂದು ರಾತ್ರಿ ಪಾಳಿಯಲ್ಲಿ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಒಳಗೆ ಒಬ್ಬ ಮುದುಕರು, ಬೆಳಗಿನವರೆಗೆ ಉಳಿಯುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಪ್ರಾರ್ಥನೆ ಹೇಳು ಅಂದರು. ಆ ಗಡಿಬಿಡಿಯಲ್ಲಿ ಜರ್ಮನ್ ಮಾತು ನೆನಪಾಗಲೇ ಇಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿಬಿಟ್ಟೆ. ಅವರಿಗೆ ಅದು ಯಾವ ಪ್ರಾರ್ಥನೆ ಅಂತ ಗೊತ್ತಾಯಿತು. ತಮ್ಮ ಭಾಷೆಯಲ್ಲಿ ತುಟಿ ಆಡಿಸುತ್ತ ಜೊತೆಗೆ ಬಂದರು. ಅವರ ಕೈ ತಣ್ಣಗಿತ್ತು, ಉಗುರು ನೀಲಿ ಆಗಿತ್ತು. ನಾನು ಮುಗಿಸಿದ ಮೇಲೂ ಅವರದು ಎರಡು ಸಾಲು ಬಾಕಿ ಇತ್ತು. ಕಾಯುತ್ತ ನಿಂತೆ. ಇದನ್ನಂತೂ ಅಜ್ಜಿಗೆ ಬರೆಯಬಹುದಿತ್ತು, ಇದು ನಿಜ. ಆದರೆ ಇಲ್ಲಿ ಸಾಯುವವರ ಹತ್ತಿರ ಪ್ರಾರ್ಥಿಸಲು ಯಾರೂ ಇರುವುದಿಲ್ಲ ಅಂತಲೂ ಬರೆಯಬೇಕಾಗುತ್ತಿತ್ತು. ಬರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಸಾಲಕ್ಕೆ ಬರುವುದು ತಪ್ಪಲ್ಲ. ನಿನ್ನನ್ನು ಕಳಿಸುವವರಿಗೆ ಅದನ್ನು ಹೊರಡುವ ಮುಂಚೆಯೇ ಹೇಳು. ಸಭೆಯ ಎದುರು ಬೇಡ, ಸಭಾಪಾಲಕರ ಮನೆಗೆ ಹೋಗಿ ಹೇಳು. ಅಮ್ಮನಿಗೂ ಹೇಳು. ಈಗ ನಿಮಗೆ ವೀಡಿಯೋ ಕಾಲ್ ಇದೆ, ಮುಖ ಮುಚ್ಚುವುದು ನನ್ನ ಏರೋಗ್ರಾಮಿನಷ್ಟು ಸುಲಭ ಅಲ್ಲ, ಆದರೂ ಮಾಡುವವರು ಮಾಡುತ್ತಾರೆ. ಹಿಮದಲ್ಲಿ ನಗುತ್ತ ನಿಂತ ಫೋಟೋ ಒಂದನ್ನೇ ಕಳಿಸಬೇಡ. ಅತ್ತ ದಿನ ಅತ್ತೆ ಅಂತ ಹೇಳು.

ಇಲ್ಲಿ ದಾರಿಯಲ್ಲಿ ಸಿಕ್ಕವರು 'ಗ್ರ್ಯೂಸ್ ಗಾಟ್' ಅನ್ನುತ್ತಾರೆ, ದೇವರು ನಿನ್ನನ್ನು ಆಶೀರ್ವದಿಸಲಿ ಅಂತ. ದೇವಾಲಯದ ಮೆಟ್ಟಿಲು ಹತ್ತದವರೂ ದಿನಕ್ಕೆ ಎಷ್ಟೋ ಸಲ ಹೇಳುತ್ತಾರೆ. ನೀನೂ ಗಟ್ಟಿಯಾಗಿ ತಿರುಗಿ ಹೇಳು, ಅವರಿಗೆ ಸಂತೋಷವಾಗುತ್ತದೆ.

ಬಂದ ಮೊದಲ ರಜೆಯ ದಿನ ನನ್ನ ಮನೆಗೆ ಬಾ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಣಮೆಣಸಿನ ಚಟ್ನಿ ಇರುತ್ತದೆ. ಅಕ್ಟೋಬರಿನ ಮೊದಲ ಆದಿತ್ಯವಾರ ರಜೆ ಕೇಳಿಟ್ಟುಕೋ, ಇಬ್ಬರೂ ಆರಾಧನೆಗೆ ಹೋಗೋಣ. ನನಗೆ ಅಂತ ಜಾಸ್ತಿ ಏನೂ ಹೊತ್ತು ತರಬೇಡ. ದಪ್ಪ ಅಕ್ಷರದ ಕನ್ನಡ ಹಾಡಿನ ಪುಸ್ತಕ ಸಿಕ್ಕಿದರೆ ಒಂದು ತಾ. ನನ್ನದರ ಹಾಳೆ ಬಿಡುತ್ತಿವೆ, ಮತ್ತೆ ಸಣ್ಣ ಅಕ್ಷರ ಈಗ ಕಾಣುವುದಿಲ್ಲ.